ಅನ್ನದ ನಾಣ್ಯ ಅಂಗಡಿಗೂ ಬರಲಿ: ಹಣಕಾಸು ಸಚಿವಾಲಯಕ್ಕೆ ಒಂದು ಬಹಿರಂಗ ಪತ್ರ

ಕರೆನ್ಸಿ ಮತ್ತು ನಾಣ್ಯ ವಿಭಾಗದ ಅಧಿಕಾರಿಗಳಿಗೆ,
ಆರ್ಥಿಕ ವ್ಯವಹಾರಗಳ ಇಲಾಖೆ, ಕೇಂದ್ರ ಹಣಕಾಸು ಸಚಿವಾಲಯ, ನವದೆಹಲಿ

ಮಾನ್ಯರೇ,

2020ರ ಅಕ್ಟೋಬರ್ 16, ವಿಶ್ವ ಆಹಾರ ದಿನ. ಅಂದು ಭಾರತ ಸರ್ಕಾರ 75 ರೂಪಾಯಿಯ ನಾಣ್ಯವೊಂದನ್ನು ಬಿಡುಗಡೆ ಮಾಡಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ 75 ವರ್ಷ ತುಂಬಿದ ನೆನಪಿಗೆ ಮಾಡಿಸಿದ್ದು. 35 ಗ್ರಾಂ ತೂಕ, ಅದರಲ್ಲಿ ಅರ್ಧ ಬೆಳ್ಳಿ, 44 ಮಿಲಿಮೀಟರ್ ಅಗಲ. ಚೆಂದದ ವಸ್ತು, ಅನುಮಾನವಿಲ್ಲ. ಆದರೆ ಅದನ್ನು ಕೊಟ್ಟು ಯಾರೂ ಒಂದು ಸೇರು ಅಕ್ಕಿ ಕೊಳ್ಳುವುದಿಲ್ಲ. ಮುಖಬೆಲೆಯ ಅನೇಕ ಪಟ್ಟು ಹಣ ತೆತ್ತು ಟಂಕಸಾಲೆಯಿಂದ ಪೆಟ್ಟಿಗೆಯಲ್ಲಿ ತರಿಸಿಕೊಳ್ಳಬೇಕು, ತರಿಸಿಕೊಂಡ ಮೇಲೆ ಬೀರುವಿನಲ್ಲಿ ಇಡಬೇಕು. ಅಷ್ಟೇ ಅದರ ಬಾಳು.

ಅದೇ ಸಂಸ್ಥೆಗಾಗಿ, ಅದೇ ವಿಷಯದ ಮೇಲೆ, ಇದೇ ಸರ್ಕಾರ 50 ವರ್ಷ ಹಿಂದೆ ಮಾಡಿದ ನಾಣ್ಯ 20 ಪೈಸೆಯದು. 1970ರ ಇಸವಿ ಹೊತ್ತ, ಹಿತ್ತಾಳೆ ಬಣ್ಣದ, ತಾವರೆಯ ಚಿತ್ರದ ಆ ನಾಣ್ಯದ ಮೇಲೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಎಲ್ಲರಿಗೂ ಅನ್ನ ಎಂಬ ಘೋಷಣೆ ಇತ್ತು. ಅದು ಬೀಡಿ ಅಂಗಡಿಗೆ ಹೋಯಿತು, ಬಸ್ ಕಂಡಕ್ಟರನ ಚರ್ಮದ ಚೀಲಕ್ಕೆ ಹೋಯಿತು, ಸಂತೆಯಲ್ಲಿ ಸೊಪ್ಪು ಮಾರುವವಳ ಸೆರಗಿನ ಗಂಟಿಗೆ ಹೋಯಿತು. ತಾವರೆ ಇದ್ದ ಕಾರಣಕ್ಕೆ ಎಷ್ಟೋ ಮನೆಗಳಲ್ಲಿ ಲಕ್ಷ್ಮೀಪೂಜೆಯ ತಟ್ಟೆಗೂ ಹೋಯಿತು. ಅದೇ ಹೊತ್ತಿಗೆ 10 ರೂಪಾಯಿಯ ಬೆಳ್ಳಿ ನಾಣ್ಯವನ್ನೂ ನೀವು ಮಾಡಿದ್ದಿರಿ. ಬೆಳ್ಳಿಯದು ಕೂಡಿಡುವವರಿಗೆ, ಹಿತ್ತಾಳೆ ಬಣ್ಣದ್ದು ಜನರಿಗೆ. ಆ ಏರ್ಪಾಟಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಈಗ ಉಳಿದಿರುವುದು ಬೆಳ್ಳಿಯದು ಮಾತ್ರ ಎಂಬುದೇ ನನ್ನ ತಕರಾರು.

ನಾನು ಕೃಷಿ ಇಲಾಖೆಯಲ್ಲಿ ಸಹಾಯಕನಾಗಿ ದುಡಿದು ನಿವೃತ್ತನಾದವನು, ಮಂಡ್ಯ ಜಿಲ್ಲೆಯವನು. ನಾಣ್ಯ ಕೂಡಿಸುವುದು ಹವ್ಯಾಸ. ಈ ಹವ್ಯಾಸದವರಲ್ಲಿ ಎರಡು ಪಂಗಡಗಳಿವೆ ಎಂದು ತಮಗೆ ತಿಳಿದಿರಬಹುದು. ಒಂದು ಪಂಗಡ ರಾಜವಂಶ, ಇಸವಿ, ಟಂಕಸಾಲೆ ಎಂದು ಹೋಗುತ್ತದೆ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ಭೂತಗನ್ನಡಿ ಹಿಡಿದು ನೋಡುವವರು ಅವರು. ಇನ್ನೊಂದು ಪಂಗಡಕ್ಕೆ ದೇಶ, ಕಾಲ, ಲೋಹ ಯಾವುದೂ ಮುಖ್ಯವಲ್ಲ. ನಾಣ್ಯದ ಮೇಲಿರುವ ಚಿತ್ರ ಏನು ಎಂಬುದೊಂದೇ ಮುಖ್ಯ. ಆನೆಯ ಹಿಂದೆ ಬಿದ್ದವನ ಆಲ್ಬಮ್ಮಿನಲ್ಲಿ ಟಿಪ್ಪುವಿನ ತಾಮ್ರದ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು, ಭಾರತೀಯ ರೈಲ್ವೆಯ 150ನೇ ವರ್ಷಕ್ಕೆ 2003ರಲ್ಲಿ ಬಂದ, ಲಾಟೀನು ಹಿಡಿದ ಭೋಲು ಆನೆಯ 2 ರೂಪಾಯಿ ಎಲ್ಲವೂ ಒಂದೇ ಪುಟದಲ್ಲಿ ಅಕ್ಕಪಕ್ಕ ಕೂರುತ್ತವೆ. ಮೊದಲ ಪಂಗಡದವರಿಗೆ ಇದು ಅಪಚಾರ. ನಾನು ಎರಡನೆಯ ಪಂಗಡದವನು.

ಇದರಲ್ಲಿ ಏನು ಸ್ವಾರಸ್ಯ ಎಂದು ಕೇಳುವವರಿಗೆ ನಾನು ಹುಲಿಯ ಪುಟ ತೋರಿಸುತ್ತೇನೆ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣ 1799ರ ಮೇ 4ರಂದು ಬಿದ್ದಿತಷ್ಟೆ. ಆ ಗೆಲುವಿಗೆ ಈಸ್ಟ್ ಇಂಡಿಯಾ ಕಂಪನಿ ಪದಕ ಮಾಡಿಸಿತು. ಕೆತ್ತಿದವನು ಕುಕ್ಲರ್ ಎಂಬ ಕಲಾವಿದ, ಟಂಕಿಸಿದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆ. ಒಂದು ಮುಖದಲ್ಲಿ ಕೋಟೆಗೆ ಲಗ್ಗೆ, ಇನ್ನೊಂದರಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಹುಲಿ ಯಾರು ಎಂದು ಶ್ರೀರಂಗಪಟ್ಟಣದ ಮಕ್ಕಳಿಗೆ ಹೇಳಬೇಕಾಗಿಲ್ಲ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಬೆಳ್ಳಿ, ಇನ್ನೂ ಕೆಳಗಿನವರಿಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ ಎಂದು ದರ್ಜೆಗೆ ತಕ್ಕ ಲೋಹ. ಚಿತ್ರ ಮಾತ್ರ ಎಲ್ಲರಿಗೂ ಒಂದೇ. ಗೆದ್ದವರು ಹೇಳಬೇಕಾದುದನ್ನು ಕಟ್ಟಕಡೆಯ ಸಿಪಾಯಿಯ ಕೈಗೂ ಮುಟ್ಟಿಸಿದರು. ಆ ಪುಟದಲ್ಲಿ ಪದಕದ ನಂತರ ನಾನು ಇಡುವುದು 1947ರ ನಿಕ್ಕಲ್ ರೂಪಾಯಿ. ಒಂದು ಕಡೆ ಆರನೇ ಜಾರ್ಜ್ ದೊರೆ, ಇನ್ನೊಂದು ಕಡೆ ಹುಲಿ. ಈ ಸಲ ಮೇಲೆ ಯಾರೂ ಇಲ್ಲ, ಹುಲಿ ತನ್ನ ಪಾಡಿಗೆ ಹೆಜ್ಜೆ ಹಾಕುತ್ತಿದೆ. 1950ರಲ್ಲಿ ಗಣರಾಜ್ಯದ ನಾಣ್ಯಗಳು ಬಂದವು. ದೊರೆಯ ತಲೆ ಹೋಗಿ ಅಶೋಕನ ಸಿಂಹಗಳು ಬಂದವು. ಹುಲಿ ಹೋಗಿ ರೂಪಾಯಿಯ ಎರಡೂ ಪಕ್ಕದಲ್ಲಿ ಗೋಧಿಯ ತೆನೆ ಬಂದಿತು.

ಹುಲಿಯ ಪುಟ ಅಲ್ಲಿಗೆ ಮುಗಿಯುತ್ತದೆ, ಅನ್ನದ ಪುಟ ಅಲ್ಲಿಂದ ಶುರುವಾಗುತ್ತದೆ. ನನ್ನ ಸಂಗ್ರಹದ ಮುಖ್ಯ ಭಾಗ ಅದೇ: ನಾಣ್ಯ, ಟೋಕನ್, ಪದಕಗಳ ಮೇಲೆ ಬಂದ ಅನ್ನ.

ಯಾವುದು ಅನ್ನ, ಯಾವುದು ಅಲ್ಲ ಎಂಬ ಜಗಳ ಈ ಬಗೆಯ ಸಂಗ್ರಹದಲ್ಲಿ ಎಂದೂ ಮುಗಿಯುವುದಿಲ್ಲ. 1950ರ ಅರ್ಧ ಆಣೆ, ಒಂದಾಣೆ, ಎರಡಾಣೆಗಳ ಮೇಲೆ ಡುಬ್ಬವಿರುವ ಹೋರಿಯಿದೆ. ಅದು ಉಳುವ ಪ್ರಾಣಿಯೋ ದೇವರಿಗೆ ಬಿಟ್ಟ ಬಸವನೋ? ಉಳುವುದಾದರೆ ನನ್ನ ಆಲ್ಬಮ್ಮಿಗೆ, ದೇವರದಾದರೆ ನನ್ನ ಗೆಳೆಯನ ಆಲ್ಬಮ್ಮಿಗೆ. ನಾನಂತೂ ಇಟ್ಟುಕೊಂಡಿದ್ದೇನೆ. ಅದೇ ಸಾಲಿನ ಒಂದು ಪೈಸೆಯ ಕುದುರೆಯನ್ನು ಬಿಟ್ಟುಕೊಟ್ಟಿದ್ದೇನೆ. 2006ರಲ್ಲಿ ನೀವು ಮಹಾತ್ಮ ಬಸವೇಶ್ವರರ 5 ರೂಪಾಯಿ ನಾಣ್ಯ ಹೊರಡಿಸಿದಿರಿ. ಅದನ್ನೂ ಅನ್ನದ ಸಾಲಿಗೆ ಸೇರಿಸಿದ್ದೇನೆ. ದಾಸೋಹವನ್ನು ಹೇಳಿದವರ ಮುಖ ಅಲ್ಲಿ ಇರದೆ ಇನ್ನೆಲ್ಲಿ ಇರಬೇಕು ಎಂಬುದು ನನ್ನ ವಾದ. ಸಂತರ ನಾಣ್ಯ ಕೂಡಿಸುವವರು ಇದನ್ನು ಒಪ್ಪಿಲ್ಲ.

ಹೊರಗಿನವೂ ಇವೆ. ಇಟಲಿಯ ದಕ್ಷಿಣದಲ್ಲಿ ಮೆಟಪೊಂಟಮ್ ಎಂಬ ಗ್ರೀಕರ ಊರಿತ್ತು. ಕ್ರಿಸ್ತಪೂರ್ವ ಆರನೇ ಶತಮಾನದಲ್ಲೇ ಅವರ ಬೆಳ್ಳಿ ನಾಣ್ಯದ ಮೇಲೆ ಬಾರ್ಲಿಯ ಒಂದು ತೆನೆ ಬಿಟ್ಟರೆ ಬೇರೆ ಚಿತ್ರವಿಲ್ಲ. ನಮ್ಮಂಥವರಿಗೆ ಅದು ಎಟುಕುವುದಿಲ್ಲ, ನನ್ನಲ್ಲಿರುವುದು ಪಟ ಮಾತ್ರ. ಸಿಲೋನಿನ ಕಾಫಿ ತೋಟ ಮತ್ತು ಗಿರಣಿಗಳಲ್ಲಿ ಕೂಲಿಗಾಗಿ ಕೊಡುತ್ತಿದ್ದ ಟೋಕನ್‌ಗಳ ಹಿಂದೆ ಬಿದ್ದವರೇ ಬೇರೆ ಇದ್ದಾರೆ. ಆಹಾರ ಮತ್ತು ಕೃಷಿ ಸಂಸ್ಥೆ ತಾನೇ ಸೀರೀಸ್ ಎಂಬ ಧಾನ್ಯದೇವತೆಯ ಹೆಸರಿನಲ್ಲಿ ಪದಕಗಳನ್ನು ಮಾಡಿಸಿತು. 1975ರ ಪದಕದ ಮೇಲೆ ಮದರ್ ತೆರೇಸಾ ಇದ್ದಾರೆ. ಬಾಂಗ್ಲಾದೇಶ ಸ್ವತಂತ್ರವಾದ ಕೆಲವೇ ವರ್ಷಗಳಲ್ಲಿ ತನ್ನ ಐದು ಪೈಸೆಯ ಮೇಲೆ ನೇಗಿಲನ್ನೂ ಹತ್ತು ಪೈಸೆಯ ಮೇಲೆ ವೀಳ್ಯದೆಲೆಯನ್ನೂ ತಂದಿತು. ಊಟದ ಕೊನೆಯದೂ ಅನ್ನದ ಲೆಕ್ಕಕ್ಕೇ ಎಂದು ವೀಳ್ಯದೆಲೆಯನ್ನೂ ಸೇರಿಸಿಕೊಂಡಿದ್ದೇನೆ.

ಮಾನ್ಯರೇ, ಈ ಪತ್ರದ ತಿರುಳಿಗೆ ಈಗ ಬರುತ್ತೇನೆ. ಆಹಾರ ಮತ್ತು ಕೃಷಿ ಸಂಸ್ಥೆಯ ನಾಣ್ಯ ಯೋಜನೆ ಆರಂಭವಾದದ್ದು 1968ರಲ್ಲಿ. ಹಸಿವಿನ ಮಾತನ್ನು ದೇಶದೇಶಗಳ ಚಿಲ್ಲರೆಯ ಮೇಲೆ ಹಾಕಿಸಿದರೆ ಅದು ಪ್ರತಿಯೊಬ್ಬರ ಜೇಬನ್ನೂ ಹೊಕ್ಕುತ್ತದೆ ಎಂಬುದು ಅದರ ಹಿಂದಿನ ವಿಚಾರ. ನಾವು ಆಗಷ್ಟೇ 1965 ಮತ್ತು 66ರ ಬರಗಳನ್ನು ದಾಟಿದ್ದೆವು. ಅಮೆರಿಕದಿಂದ ಹಡಗು ಬಂದರೆ ಊಟ, ತಡವಾದರೆ ಇಲ್ಲ ಎಂಬ ಸ್ಥಿತಿಯನ್ನು ದೇಶ ನೋಡಿತ್ತು. ಹಾಗಾಗಿ 1970ರ ಘೋಷಣೆ ಅಲಂಕಾರದ ಮಾತಾಗಿರಲಿಲ್ಲ.

ಅಲ್ಲಿಂದ ಮುಂದೆ ನೀವು ಹೊರಡಿಸಿದ ನಾಣ್ಯಗಳನ್ನು ಇಸವಿಯ ಸಾಲಿನಲ್ಲಿ ಇಟ್ಟು ಓದಿದರೆ ದೇಶ ತನ್ನ ಹಸಿವಿನ ಬಗ್ಗೆ ಹೇಗೆ ಯೋಚಿಸಿತು ಎಂಬುದು ತಾನೇ ಬಿಚ್ಚಿಕೊಳ್ಳುತ್ತದೆ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರ 1972ರ ಬರದಲ್ಲಿ ಬೆಂದ ಮರುವರ್ಷ ನಾಣ್ಯ ಹೇಳಿತು: ಹೆಚ್ಚು ಅನ್ನ ಬೆಳೆಯಿರಿ. 1974ರಲ್ಲಿ ಅದರ ದನಿ ಬದಲಾಯಿತು. ಬೆಳೆಯುವುದು ಸಾಲದು, ಉಣ್ಣುವ ಬಾಯಿಗಳು ಕಡಿಮೆಯಾಗಬೇಕು ಎಂದು 10 ಪೈಸೆಯ ಮೇಲೆ ತಂದೆ, ತಾಯಿ, ಇಬ್ಬರು ಮಕ್ಕಳು ಬಂದು ನಿಂತರು. ಯೋಜಿತ ಕುಟುಂಬ, ಎಲ್ಲರಿಗೂ ಅನ್ನ. ಬಾಂಗ್ಲಾದೇಶದ ಒಂದು ಟಾಕಾದ ಮೇಲೂ ಮರುವರ್ಷ ಇದೇ ಘೋಷಣೆ, ಇಂಥದ್ದೇ ಸಂಸಾರ. ಇನ್ನೆರಡು ವರ್ಷಕ್ಕೆ ತುರ್ತುಪರಿಸ್ಥಿತಿಯ ಬಲವಂತದ ಶಸ್ತ್ರಚಿಕಿತ್ಸೆಗಳು ನಡೆದವು. ಅವನ್ನು ಕಂಡವರಿಗೆ ಆ 10 ಪೈಸೆಯ ಸಂಸಾರ ಅಷ್ಟೇನೂ ಮುದ್ದಾಗಿ ಕಾಣುವುದಿಲ್ಲ. ಅದೂ ಸಾಲಿನಲ್ಲಿ ಇರಲೇಬೇಕು. ತನಗೆ ಇಷ್ಟವಾದುದನ್ನು ಮಾತ್ರ ಇಟ್ಟುಕೊಳ್ಳುವವನು ಸಂಗ್ರಾಹಕನಲ್ಲ.

1975ರಲ್ಲಿ ಮಹಿಳಾ ವರ್ಷಕ್ಕೆ ಸಮಾನತೆ, ಅಭಿವೃದ್ಧಿ, ಶಾಂತಿ. 1976ರಲ್ಲಿ ಎಲ್ಲರಿಗೂ ಅನ್ನ ಮತ್ತು ಕೆಲಸ, ಮರುವರ್ಷ ಅಭಿವೃದ್ಧಿಗಾಗಿ ಉಳಿತಾಯ, ಅದರ ಮರುವರ್ಷ ಅನ್ನದ ಜೊತೆಗೆ ಸೂರು. 1979ರಲ್ಲಿ ಮಗು, 1980ರಲ್ಲಿ ಗ್ರಾಮೀಣ ಮಹಿಳೆ. ಆ ವರ್ಷವೇ ನಮ್ಮ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತು. ರೈತ ಸಣ್ಣವನು ಎಂಬುದು ನಾಣ್ಯಕ್ಕೆ ನೆನಪಾದದ್ದು 1987ರಲ್ಲಿ, ಸಣ್ಣ ರೈತರು ಎಂಬ 1 ರೂಪಾಯಿಯಲ್ಲಿ. 1987 ಭೀಕರ ಬರದ ವರ್ಷ. 1988ರ ನಾಣ್ಯದ ವಿಷಯ ಮಳೆಯಾಶ್ರಿತ ಬೇಸಾಯ. ಕೃಷಿ ಇಲಾಖೆಯವನಾಗಿ ಹೇಳುತ್ತೇನೆ: ಈ ಸಾಲಿನಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದುದು ಇದು. ನಾಲೆಯ ನೀರನ್ನೂ ಗೊಬ್ಬರದ ಚೀಲವನ್ನೂ ಹೊಗಳುತ್ತಿದ್ದ ಕಾಲದಲ್ಲಿ ಮುಗಿಲು ನೋಡಿ ಬಿತ್ತುವವನಿಗೂ ಒಂದು ರೂಪಾಯಿ ಮೀಸಲಾಯಿತಲ್ಲ! ನಡುವೆ ಅರಣ್ಯ ಬಂದಿತ್ತು, ಮೀನುಗಾರಿಕೆ ಬಂದಿತ್ತು. ಆಮೇಲೆ ಪರಿಸರ, ಪೌಷ್ಟಿಕತೆ, ಜೀವವೈವಿಧ್ಯ, 1994ರಲ್ಲಿ ಬದುಕಿಗಾಗಿ ನೀರು. ಮೊದಲು ಕಣಜ, ಆಮೇಲೆ ಮನೆಯ ತಲೆಎಣಿಕೆ, ಆಮೇಲೆ ಹೊಲ, ಕೊನೆಗೆ ಮಳೆ ಮತ್ತು ನೀರು. 25 ವರ್ಷಗಳಲ್ಲಿ ಸರ್ಕಾರ ಸಮಸ್ಯೆಯ ಬೇರಿನ ಕಡೆಗೆ ಹೀಗೆ ನಿಧಾನವಾಗಿ ಇಳಿದುಬಂದದ್ದು ಒಂದು ಪುಟದಲ್ಲಿ ಕಾಣುತ್ತದೆ. ಯಾವ ವಾರ್ಷಿಕ ವರದಿಯನ್ನು ಓದಿದರೂ ಹೀಗೆ ಕಂಡೀತೆಂದು ನನಗೆ ಅನ್ನಿಸುವುದಿಲ್ಲ. ಮುಖಬೆಲೆ ಮತ್ತು ಟಂಕಸಾಲೆಯ ಲೆಕ್ಕದಲ್ಲಿ ಜೋಡಿಸಿದ ಆಲ್ಬಮ್ಮಿನಲ್ಲಿ ಈ ನಾಣ್ಯಗಳು ಐದು, ಹತ್ತು, ಇಪ್ಪತ್ತು ಪೈಸೆಗಳ ಬೇರೆ ಬೇರೆ ಹಾಳೆಗಳಲ್ಲಿ ಚದುರಿಹೋಗುತ್ತವೆ, ಅವುಗಳ ಕಥೆಯೂ ಚದುರುತ್ತದೆ.

ಇವುಗಳಲ್ಲಿ ಹೆಚ್ಚಿನವು ದುಬಾರಿಯವೂ ಅಲ್ಲ. ಐದು, ಹತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯಗಳನ್ನು ಗುಜರಿಯವರು ತೂಕಕ್ಕೆ ಹಾಕಿಕೊಂಡ ಕಾಲವೊಂದಿತ್ತು. ನನ್ನ ಸಾಲಿನ ಹಲವು ಅಂಥ ಡಬ್ಬಗಳಿಂದಲೇ ಎದ್ದುಬಂದವು. ಇಷ್ಟು ಅಗ್ಗಕ್ಕೆ ದೇಶದ ಕೃಷಿ ಚರಿತ್ರೆಯನ್ನು ಒಬ್ಬ ಹೈಸ್ಕೂಲು ಹುಡುಗನೂ ಕೂಡಿಸಬಹುದು. ಅದು ಸಾಧ್ಯವಾದದ್ದು ಅವು ಚಲಾವಣೆಯ ನಾಣ್ಯಗಳಾಗಿದ್ದವು ಎಂಬ ಒಂದೇ ಕಾರಣಕ್ಕೆ.

1996ರ ಬೆಳೆ ವಿಜ್ಞಾನದ 5 ರೂಪಾಯಿಯಾದ ಮೇಲೆ ಈ ಸಾಲು ತೆಳ್ಳಗಾಗುತ್ತದೆ. ಮುಖಗಳ ಕಾಲ ಬಂದಿತು. ನಾಯಕರು, ಸಂತರು, ಸಂಸ್ಥೆಗಳ ಸುವರ್ಣ ಮಹೋತ್ಸವಗಳು. ದೊಡ್ಡವರ ಮುಖ ಬೇಡವೆಂದು ನಾನು ಹೇಳುತ್ತಿಲ್ಲ, ಬಸವಣ್ಣನವರನ್ನು ಎಲ್ಲಿಟ್ಟುಕೊಂಡಿದ್ದೇನೆ ಎಂದು ಆಗಲೇ ಹೇಳಿದೆ. ಆದರೆ ಹುಟ್ಟಿದ ವರ್ಷಕ್ಕೆ ನೂರು ಕೂಡಿಸಿ ನಾಣ್ಯ ಹೊರಡಿಸುವುದಕ್ಕೆ ವಿಚಾರ ಬೇಕಾಗಿಲ್ಲ, ಕ್ಯಾಲೆಂಡರ್ ಇದ್ದರೆ ಸಾಕು.

ಕಾನೂನಿನ ಕಡೆಯಿಂದ ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳೆಲ್ಲ ಅಮಾನ್ಯವಾದವು. 1970ರ ತಾವರೆಯ 20 ಪೈಸೆಯೂ ಅಂದೇ ಬೆಲೆ ಕಳೆದುಕೊಂಡಿತು. ಆಹಾರವನ್ನು ಜನರ ಹಕ್ಕಾಗಿಸಿದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ. ನಮ್ಮ ರಾಜ್ಯದ ಅನ್ನಭಾಗ್ಯವೂ ಅದೇ ವರ್ಷದ್ದು. ಎಲ್ಲರಿಗೂ ಅನ್ನ ಎಂದು ನಾಣ್ಯ ಹೇಳಿ 43 ವರ್ಷಗಳಾದ ಮೇಲೆ ಕಾಯ್ದೆ ಹೇಳಿತು. ಅಷ್ಟರಲ್ಲಿ ಮೊದಲು ಹೇಳಿದ ನಾಣ್ಯವನ್ನು ಕಾನೂನೇ ಸಾಯಿಸಿತ್ತು. 1973ರ 50 ಪೈಸೆಯಾದರೋ ಇಂದಿಗೂ ಕಾನೂನಿನ ಪ್ರಕಾರ ಜೀವಂತ. ಅಂದರೆ ಹೆಚ್ಚು ಅನ್ನ ಬೆಳೆಯಿರಿ ಎಂದು ಬೆಳೆಯುವವನಿಗೆ ಕೊಟ್ಟ ಅಪ್ಪಣೆ ಇನ್ನೂ ಜಾರಿಯಲ್ಲಿದೆ. ಅದನ್ನು ಯಾವ ಅಂಗಡಿಯವನೂ ತೆಗೆದುಕೊಳ್ಳುವುದಿಲ್ಲ, ಅದು ಬೇರೆ ಮಾತು.

2019ರಲ್ಲಿ ನೀವು ಹೊಸ ಸರಣಿ ಪ್ರಕಟಿಸಿದಿರಿ. ಹನ್ನೆರಡು ಮೂಲೆಯ 20 ರೂಪಾಯಿ ಅದರಲ್ಲೇ ಬಂದಿತು. ದೇಶದ ಕೃಷಿ ಪ್ರಾಧಾನ್ಯವನ್ನು ತೋರಿಸಲು ಧಾನ್ಯದ ವಿನ್ಯಾಸ ಇದೆ ಎಂದು ಹೇಳಿದಿರಿ. ಸುದ್ದಿ ಓದಿ ಬಹಳ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ನಾಣ್ಯ ಕೈಗೆ ಬಂದ ಮೇಲೆ ಕೇಳಿಕೊಂಡೆ: ಇದು ಯಾವ ಧಾನ್ಯ? ಅಂಗಡಿಯವರನ್ನು ಕೇಳಿದೆ, ಬ್ಯಾಂಕಿನ ಕೌಂಟರಿನಲ್ಲಿ ಕೇಳಿದೆ. ನಾಣ್ಯದ ಮೇಲೆ ಏನೋ ಇದೆ ಎಂಬುದನ್ನೇ ಅವರು ಗಮನಿಸಿರಲಿಲ್ಲ. ಸಣ್ಣ ರೈತರು ಎಂದೋ ಮಳೆಯಾಶ್ರಿತ ಬೇಸಾಯ ಎಂದೋ ಎರಡು ಶಬ್ದ ಬರೆದಿದ್ದ ಹಳೆಯ ನಾಣ್ಯಗಳಿಗೆ ಈ ಗತಿ ಬಂದಿರಲಿಲ್ಲ.

ಚಿತ್ರ ಹಾಕಿ ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ 10 ರೂಪಾಯಿ ನಾಣ್ಯದ ಪಾಡನ್ನು ನೆನಪಿಸಿಕೊಳ್ಳಿ. ಒಂದು ನಾಣ್ಯದ ಹಾಗೆ ಇನ್ನೊಂದಿಲ್ಲ, ಒಂದರ ಮೇಲೆ ರೂಪಾಯಿಯ ಚಿಹ್ನೆ ಇದೆ, ಇನ್ನೊಂದರ ಮೇಲೆ ಇಲ್ಲ, ಆದ್ದರಿಂದ ಇದು ಖೋಟಾ ಎಂದು ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಊರೂರುಗಳ ಅಂಗಡಿಗಳು ಅದನ್ನು ತಿರಸ್ಕರಿಸಿದವು. ಆಗ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಇದುವರೆಗೆ 14 ವಿನ್ಯಾಸಗಳಲ್ಲಿ 10 ರೂಪಾಯಿ ನಾಣ್ಯ ಬಂದಿದೆ, ಎಲ್ಲವೂ ಅಸಲಿ ಎಂದು ಹೇಳಬೇಕಾಯಿತು. 14 ವಿನ್ಯಾಸ! ಸಂಗ್ರಾಹಕನಿಗೆ ಅದು ಹಬ್ಬ, ಕಿರಾಣಿ ಅಂಗಡಿಯವನಿಗೆ ತಲೆನೋವು. ಯಾವ ವಿನ್ಯಾಸ ಏತಕ್ಕೆ ಬಂದಿತು ಎಂದು ಮೊದಲೇ ತಿಳಿಸಿದ್ದರೆ ಅವನಿಗೂ ಹಬ್ಬವಾಗುತ್ತಿತ್ತು. ಇಷ್ಟಾದ ಮೇಲೂ ಬಸ್ಸಿನಲ್ಲಿ 10 ರೂಪಾಯಿ ನಾಣ್ಯ ಚಾಚಿದರೆ ಮುಖ ಸಿಂಡರಿಸುವ ಕಂಡಕ್ಟರುಗಳಿದ್ದಾರೆ. ಶಕ್ತಿ ಯೋಜನೆ ಬಂದು ಹೆಂಗಸರ ಟಿಕೆಟಿಗೆ ಚಿಲ್ಲರೆಯೇ ಬೇಡವಾದ ಮೇಲೆ ಜಗಳ ಅರ್ಧ ಕಡಿಮೆಯಾಗಿದೆ, ಅಷ್ಟೇ.

2011ರ ನಾಣ್ಯ ಕಾಯ್ದೆಯಂತೆ ಯಾವ ನಾಣ್ಯ, ಯಾವ ವಿನ್ಯಾಸ ಎಂದು ತೀರ್ಮಾನಿಸುವುದು ಕೇಂದ್ರ ಸರ್ಕಾರ. ರಿಸರ್ವ್ ಬ್ಯಾಂಕ್ ಹಂಚುವ ಕೈ ಮಾತ್ರ. ಆದ್ದರಿಂದ ಈ ಪತ್ರ ನಿಮಗೆ.

ನಾನು ಕೇಳುವುದು ಇದು. ಆಹಾರ ಮತ್ತು ಕೃಷಿಯ ವಿಷಯದ ನಾಣ್ಯಗಳನ್ನು ಮತ್ತೆ ಚಲಾವಣೆಗೆ ಮಾಡಿ. ಪ್ರತಿ ವರ್ಷ ಆಗದಿದ್ದರೆ ಎರಡು ಮೂರು ವರ್ಷಕ್ಕೊಮ್ಮೆಯಾದರೂ ಅಕ್ಟೋಬರ್ 16ಕ್ಕೆ ಒಂದು 5 ರೂಪಾಯಿಯೋ 10 ರೂಪಾಯಿಯೋ ಬರಲಿ. ಪೆಟ್ಟಿಗೆಯ ಬೆಳ್ಳಿ ನಾಣ್ಯವನ್ನೂ ಧಾರಾಳವಾಗಿ ಮಾರಿಕೊಳ್ಳಿ, 1970ರಲ್ಲಿ ಮಾಡಿದ ಹಾಗೆ ಎರಡೂ ಇರಲಿ. ಚಿತ್ರ ಯಾವುದೋ ಅನಾಮಧೇಯ ತೆನೆಯಾಗದೆ ಗುರುತು ಹಿಡಿಯಬಹುದಾದ ಬೆಳೆಯಾಗಿರಲಿ, ಅದರ ಹೆಸರೂ ಇರಲಿ. ಬಿಡುಗಡೆಯ ವಾರ ಬ್ಯಾಂಕುಗಳಲ್ಲಿ, ನ್ಯಾಯಬೆಲೆ ಅಂಗಡಿಗಳಲ್ಲಿ, ಶಾಲೆಗಳಲ್ಲಿ ಆಯಾ ರಾಜ್ಯದ ಭಾಷೆಯಲ್ಲಿ ಒಂದು ಭಿತ್ತಿಪತ್ರ ಅಂಟಿಸಿ: ಈ ನಾಣ್ಯ ಬಂದಿದೆ, ಇದರ ಮೇಲಿರುವುದು ಇಂಥ ಬೆಳೆ, ಕಾರಣ ಇದು.

ನೋಟಿನ ಮೇಲೆ 15 ಭಾಷೆಗಳ ಪಟ್ಟಿಗೆ ಜಾಗವಿದೆ, ನಾಣ್ಯ ಚಿಕ್ಕದು, ಎಲ್ಲ ಲಿಪಿ ಹಿಡಿಸುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಮುಮ್ಮಡಿಯವರ ಕಾಲದ ಮೈಸೂರಿನ ತಾಮ್ರದ ಕಾಸಿನ ಮೇಲೆ ಕನ್ನಡ, ಇಂಗ್ಲಿಷ್, ಪಾರಸಿ ಮೂರೂ ಹಿಡಿಸಿದ್ದವು ಎಂದಷ್ಟೇ ನೆನಪಿಸಿ ಮುಂದೆ ಹೋಗುತ್ತೇನೆ.

ಮೊದಲ ಬೆಳೆ ಯಾವುದಾಗಬೇಕು ಎಂದು ಕೇಳಿದರೆ ನಾನು ಪಕ್ಷಪಾತಿ. 1950ರಿಂದ ನಮ್ಮ ನಾಣ್ಯಗಳ ಮೇಲೆ ಮೆರೆದದ್ದು ಗೋಧಿ. ಆಹಾರ ಮತ್ತು ಕೃಷಿ ಸಂಸ್ಥೆಯ ಲಾಂಛನದಲ್ಲೂ ಗೋಧಿಯ ತೆನೆಯೇ. ನಮ್ಮ ಕಡೆ ಗೋಧಿ ತಿಂದು ಯಾರೂ ಕಬ್ಬಿನ ಗದ್ದೆಗೆ ಇಳಿದವರಲ್ಲ. ರಾಗಿ ಬರಲಿ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ಒಣಭೂಮಿಯ ಎಷ್ಟೋ ಮನೆಗಳ ವಾಡೆ ತುಂಬಿದ್ದು ಅದರಿಂದ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಕೇಳಿದರೆ ನಗುತ್ತೀರಿ, 75 ರೂಪಾಯಿಯ ನಾಣ್ಯ ಬಿಡುಗಡೆಯಾದ ಅದೇ ಸಮಾರಂಭದಲ್ಲಿ ಪ್ರಧಾನಿಯವರು 8 ಬೆಳೆಗಳ 17 ಪೌಷ್ಟಿಕ ತಳಿಗಳನ್ನು ದೇಶಕ್ಕೆ ಅರ್ಪಿಸಿದರು. ಅವುಗಳಲ್ಲಿ ರಾಗಿಯೂ ಇತ್ತು, ಸಾಮೆಯೂ ಇತ್ತು. ವೇದಿಕೆಯ ಮೇಲೆ ಬೆಳೆಯೂ ಇತ್ತು, ನಾಣ್ಯವೂ ಇತ್ತು. 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಲು ವಿಶ್ವಸಂಸ್ಥೆಯಲ್ಲಿ ಮುಂದಾಳಾಗಿ ನಿಂತದ್ದೂ ಭಾರತವೇ. ಇನ್ನು ಕಲಬುರಗಿಯ ತೊಗರಿ ಇದೆ, ವಿಜಯಪುರದ ಬಿಳಿಜೋಳ ಇದೆ, ಚಿಕ್ಕಮಗಳೂರಿನ ಕಾಫಿ ಇದೆ. ಒಡಿಶಾದವರು, ಅಸ್ಸಾಮಿನವರು ತಮ್ಮವನ್ನು ಹೇಳುತ್ತಾರೆ. ಪಟ್ಟಿ ಮಾಡಲು ಕೂತರೆ ನಿಮ್ಮ ಮುಂದಿನ 50 ವರ್ಷಗಳಿಗೆ ವಿಷಯ ಸಿದ್ಧ.

ಇಂಥದ್ದು ಆಗದ ಕೆಲಸವೂ ಅಲ್ಲ. ಅಮೆರಿಕ 1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ 50 ರಾಜ್ಯಗಳಿಗೂ ಒಂದೊಂದು ಕಾಲು ಡಾಲರ್ ನಾಣ್ಯ ಹೊರಡಿಸಿತು, ಎಲ್ಲವೂ ಚಲಾವಣೆಗೆ. ವಿಸ್ಕಾನ್ಸಿನ್ ರಾಜ್ಯ ಆರಿಸಿಕೊಂಡದ್ದು ಹಸುವಿನ ತಲೆ, ಚೀಸಿನ ಗಾಲಿ ಮತ್ತು ಮೆಕ್ಕೆಜೋಳದ ತೆನೆ. ಅದು ನನ್ನ ಪುಟದಲ್ಲಿದೆ. ಅಮೆರಿಕದಲ್ಲಿ ಮಗನಿರುವ ನಮ್ಮೂರಿನವರೊಬ್ಬರು ಚಿಲ್ಲರೆಯಲ್ಲಿ ಬಂದದ್ದನ್ನು ತಂದುಕೊಟ್ಟರು, ಒಂದು ಪೈಸೆಯೂ ಖರ್ಚಿಲ್ಲ.

ನಿಮ್ಮ ಆಕ್ಷೇಪಗಳು ಏನಿರಬಹುದು ಎಂದು ಊಹಿಸಬಲ್ಲೆ. ಎಲ್ಲರೂ ಮೊಬೈಲಿನಲ್ಲಿ ದುಡ್ಡು ಕೊಡುವಾಗ ನಾಣ್ಯ ಯಾರಿಗೆ ಬೇಕು ಎನ್ನಬಹುದು. ಹಾಗಾದರೆ ನಾಣ್ಯ ಮಾಡುವುದನ್ನೇ ನಿಲ್ಲಿಸಬೇಕು. ಮಾಡುತ್ತಲೇ ಇದ್ದೀರಿ ಎಂದ ಮೇಲೆ ಅದರ ಮೇಲೆ ಏನಾದರೂ ಅರ್ಥವಿರುವುದನ್ನು ಹಾಕಿ. ಸಣ್ಣ ನಾಣ್ಯ ಮಾಡುವ ವೆಚ್ಚ ಅದರ ಬೆಲೆಯನ್ನೇ ಮೀರುತ್ತದೆ ಎಂದರೆ, ಅದಕ್ಕೇ ನಾನು 1 ರೂಪಾಯಿ ಕೇಳದೆ 5 ಮತ್ತು 10 ಕೇಳಿದ್ದು. ಜನ ಕೂಡಿಟ್ಟುಕೊಂಡುಬಿಡುತ್ತಾರೆ, ಚಿಲ್ಲರೆಗೆ ತತ್ವಾರವಾಗುತ್ತದೆ ಎಂಬುದು ಸ್ವಲ್ಪ ನಿಜ. ಆದರೆ 10 ರೂಪಾಯಿ ನಾಣ್ಯವನ್ನು ಮುಟ್ಟಲೊಲ್ಲದ ಜನ ಅದನ್ನು ಹುಡುಕಿ ಇಟ್ಟುಕೊಳ್ಳುವ ದಿನ ಬಂದರೆ ಅದಕ್ಕಿಂತ ಒಳ್ಳೆಯ ತೊಂದರೆ ನಿಮ್ಮ ವಿಭಾಗಕ್ಕೆ ಇನ್ನೇನು ಬೇಕು?

ಜೊತೆಗೆ ಒಂದು ಮಾಹಿತಿಯನ್ನೂ ಕೋರುತ್ತೇನೆ. 1970ರಿಂದ ಇಂದಿನವರೆಗೆ ಆಹಾರ ಮತ್ತು ಕೃಷಿಯ ವಿಷಯದ ಮೇಲೆ ಬಂದ ಭಾರತದ ಪ್ರತಿ ನಾಣ್ಯದ ಚಿತ್ರ, ಅದನ್ನು ಕೆತ್ತಿದ ಕಲಾವಿದರ ಹೆಸರು, ಮಾಡಿದ ಸಂಖ್ಯೆ ಇವನ್ನು ಸರ್ಕಾರವೇ ಒಂದು ಕಡೆ, ವಿಷಯದ ಪ್ರಕಾರ ಜೋಡಿಸಿ ಪ್ರಕಟಿಸಬೇಕು. ಶ್ರೀರಂಗಪಟ್ಟಣದ ಪದಕ ಕೆತ್ತಿದ ಪರದೇಶದ ಕುಕ್ಲರನ ಹೆಸರು ನಮಗೆ ಬಾಯಿಪಾಠ. ಆದರೆ ಮಳೆಯಾಶ್ರಿತ ಬೇಸಾಯದ ರೂಪಾಯಿಯನ್ನು ರೂಪಿಸಿದ ನಮ್ಮದೇ ಟಂಕಸಾಲೆಯ ಕಲಾವಿದರ ಹೆಸರು ಆ ನಾಣ್ಯವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ ಜನರಿಗೆ ಯಾರೂ ಹೇಳಿಲ್ಲ. ಕಡತಗಳು ನಿಮ್ಮಲ್ಲಿ ಇರುತ್ತವೆ, ಹುಡುಕಿಸಿ.

ರಾಗಿ ತೆನೆಯ ಚಿತ್ರ ಬರೆಯುವ ಕಲಾವಿದರಿಗೆ ಮಾದರಿ ಬೇಕಾದರೆ ಕಾರ್ತಿಕ, ಮಾರ್ಗಶಿರದಲ್ಲಿ ನಮ್ಮ ಕಡೆಗೆ ಕಳುಹಿಸಿ. ಬೆರಳು ಮಡಿಸಿದಂತಿರುವ ತೆನೆ ಯಾವುದು, ಬಿಚ್ಚಿದಂತಿರುವುದು ಯಾವುದು, ಎರಡನ್ನೂ ಹೊಲದಲ್ಲೇ ನಿಲ್ಲಿಸಿ ತೋರಿಸುತ್ತೇನೆ. ನಾಣ್ಯದ ಮೇಲೆ ಬಿಚ್ಚಿದ ತೆನೆ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಮಡಿಸಿದ್ದು ಅಷ್ಟು ಚಿಕ್ಕ ಜಾಗದಲ್ಲಿ ಮುಷ್ಟಿಯ ಹಾಗೆ ಕಂಡೀತು. 50 ಪೈಸೆಯ ಮೇಲೆ ಮುಷ್ಟಿ ಆಗಲೇ ಬಂದುಹೋಗಿದೆ.

ಉತ್ತರವನ್ನು ಕನ್ನಡದಲ್ಲಿ ಕಳುಹಿಸಿದರೆ ನಮ್ಮ ಊರಿನ ಗ್ರಂಥಾಲಯದ ಫಲಕಕ್ಕೆ ಹಾಕಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅನ್ನದ ನಾಣ್ಯಗಳನ್ನು ಕೂಡಿಸುವ ಒಬ್ಬ ನಿವೃತ್ತ ಕೃಷಿ ಸಹಾಯಕ
ಮಂಡ್ಯ ಜಿಲ್ಲೆ

ಪ್ರತಿ: ಭಾರತೀಯ ರಿಸರ್ವ್ ಬ್ಯಾಂಕ್, ನೃಪತುಂಗ ರಸ್ತೆ, ಬೆಂಗಳೂರು. ಭಿತ್ತಿಪತ್ರದ ಕೆಲಸ ಹೇಗೂ ತಮ್ಮ ಪಾಲಿಗೇ ಬರುವುದರಿಂದ.